ಒಳ ಅಳತೆ

ಹೊಸ ವೂಫರಿನ ಡಬ್ಬವನ್ನು ಎದೆಗವಚಿಕೊಂಡು ಬಂದಿದ್ದೀಯ. ಮುಖದಲ್ಲಿ ದೀಪಾವಳಿ. ಸಂಜೆಯೊಳಗೆ ಪೆಟ್ಟಿಗೆ ಹೊಡೆದು ಮುಗಿಸಿ, ಕಾರಿನ ಡಿಕ್ಕಿಯಲ್ಲಿ ಕೂರಿಸಿ, ರಾತ್ರಿ ಗೆಳೆಯರನ್ನು ಹತ್ತಿಸಿಕೊಂಡು ರಿಂಗ್ ರೋಡು ಸುತ್ತಬೇಕೆಂಬುದು ನಿನ್ನ ಲೆಕ್ಕ. ಕೂತುಕೋ ಮರಿ. ಮೊದಲು ಕಾಫಿ ಕುಡಿ. ಆ ಜಿಗ್‌ಸಾ ಕೆಳಗಿಡು, ಅದೇನೂ ಓಡಿಹೋಗುವುದಿಲ್ಲ.

ನಲವತ್ತು ವರ್ಷ ಮೈಕ್‌ಸೆಟ್ಟಿನ ಅಂಗಡಿ ನಡೆಸಿದವನು ನಾನು. ಮದುವೆ ಛತ್ರ, ಗಣೇಶನ ಪೆಂಡಾಲು, ಊರಹಬ್ಬದ ಆರ್ಕೆಸ್ಟ್ರಾ, ಎಲ್ಲಕ್ಕೂ ಸ್ಪೀಕರ್ ಪೆಟ್ಟಿಗೆಗಳನ್ನು ಕೈಯಾರೆ ಕೊಯ್ದು ಕೂಡಿಸಿದ್ದೇನೆ. ಆಮೇಲೆ ಕಾರಿನವರು ಬರತೊಡಗಿದರು. ಎಲ್ಲರೂ ನಿನ್ನ ಹಾಗೇ. ಸ್ಪೀಕರಿಗೆ ಸಾವಿರಗಟ್ಟಲೆ ಸುರಿಯುತ್ತಾರೆ, ಪೆಟ್ಟಿಗೆಗೆ ಅರ್ಧ ದಿನ ಕೊಡುತ್ತಾರೆ. ನಿನಗೆ ಒಳ್ಳೆಯ ಕೈ ಇದೆ, ಒಳ್ಳೆಯ ಕಿವಿಯೂ ಇದೆ. ತಾಳ್ಮೆಯೊಂದನ್ನು ಮನೆಯಲ್ಲೇ ಬಿಟ್ಟು ಬಂದಿದ್ದೀಯ. ಅದಕ್ಕೇ ಈ ನಾಲ್ಕು ಮಾತು.

ಮೊದಲು ಡಬ್ಬ ಬಿಚ್ಚು. ಸ್ಪೀಕರನ್ನು ಬರಿದೇ ಮೇಜಿನ ಮೇಲಿಟ್ಟು, ಸಣ್ಣ ದನಿಯಲ್ಲಿ ಒಂದು ಹಾಡು ಹಾಕು. ಏನು ಕೇಳಿಸುತ್ತದೆ? ಒಣಗಿದ ಎಲೆ ತಟ್ಟಿದಂತೆ ಪಟಪಟ. ಹನ್ನೆರಡು ಇಂಚಿನ ಬಾಯಿ, ಹಿಂದೆ ಕಲ್ಲಿನಂಥ ಆಯಸ್ಕಾಂತ, ಆದರೂ ಬೇಸ್ ಇಲ್ಲ. ಯಾಕೆ? ಕೋನ್ ಮುಂದೆ ಗಾಳಿಯನ್ನು ತಳ್ಳುವ ಹೊತ್ತಿಗೇ ಬೆನ್ನ ಹಿಂದೆ ಗಾಳಿಯನ್ನು ಸೆಳೆಯುತ್ತದೆ. ಮುಂದಿನ ಒತ್ತಡ ಅಂಚು ಸುತ್ತಿ ಹೋಗಿ ಹಿಂದಿನ ಹಳ್ಳವನ್ನು ತುಂಬಿಬಿಡುತ್ತದೆ. ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ಕಿತ್ತುಕೊಂಡ ಹಾಗೆ. ಹಿಂದಿನ ಗಾಳಿಯನ್ನು ಬೇರೆ ಕೂಡಿಹಾಕಿದಾಗಲೇ ಮುಂದಿನದು ನಿನ್ನ ಎದೆಗೆ ಬಂದು ತಾಕುವುದು. ಅಂದಮೇಲೆ ಪೆಟ್ಟಿಗೆಯನ್ನು ಸ್ಪೀಕರಿನ ಚೀಲ ಅಂದುಕೊಳ್ಳಬೇಡ. ಅದು ಸ್ಪೀಕರಿನ ಉಳಿದರ್ಧ. ಕಂಪನಿಯವನು ಅರ್ಧ ಮಾಡಿ ಕಳಿಸಿದ್ದಾನೆ, ಇನ್ನರ್ಧ ನಿನ್ನ ಕೈಯಲ್ಲಿದೆ.

ಡಬ್ಬದಲ್ಲಿ ಒಂದು ಚೀಟಿ ಇತ್ತು. ಅದನ್ನು ಥರ್ಮಾಕೋಲಿನ ಜೊತೆ ಬಿಸಾಡಿರುತ್ತೀಯ. ಹೋಗಿ ಹುಡುಕಿ ತಾ. ಅದರಲ್ಲಿ ಎಫ್‌ಎಸ್, ಕ್ಯೂಟಿಎಸ್, ವಿಎಎಸ್ ಅಂತ ಮೂರು ಸಂಖ್ಯೆ ಇರುತ್ತವೆ. ಮೊದಲನೆಯದು ಸ್ಪೀಕರ್ ತಾನಾಗಿ ತೂಗುವ ಸ್ವರ. ಎರಡನೆಯದು ಆ ತೂಗಾಟಕ್ಕೆ ಎಷ್ಟು ಲಗಾಮಿದೆ ಎಂಬುದು. ಮೂರನೆಯದು ಎಷ್ಟು ಲೀಟರ್ ಗಾಳಿ ಅದರ ಬಿಗಿತಕ್ಕೆ ಸಮ ಎಂಬುದು. ಇವು ಹುಡುಗರ ತಲೆ ತಿನ್ನಲು ಹುಟ್ಟಿದ ಅಕ್ಷರಗಳಲ್ಲ. ಆಸ್ಟ್ರೇಲಿಯಾದ ಎಂಜಿನಿಯರ್ ನೆವಿಲ್ ಥೀಲ್ 1961ರಲ್ಲಿ ಒಂದು ಲೇಖನ ಬರೆದು ಈ ದಾರಿ ತೋರಿಸಿದ. 1970ರ ದಶಕದ ಆರಂಭದಲ್ಲಿ ರಿಚರ್ಡ್ ಸ್ಮಾಲ್ ಸಿಡ್ನಿಯಲ್ಲಿ ಕೂತು ಅದನ್ನು ಪೂರ್ತಿ ಮಾಡಿದ. ಅಲ್ಲಿಯವರೆಗೆ ಪೆಟ್ಟಿಗೆ ಕಟ್ಟುವುದೆಂದರೆ ಬಹುಪಾಲು ಅಂದಾಜು. ಕಟ್ಟು, ಕೇಳು, ಒಡೆ, ಮತ್ತೆ ಕಟ್ಟು. ನಾನೂ ಎಷ್ಟೋ ವರ್ಷ ಹಾಗೇ ಒಡೆದು ಕಟ್ಟಿದವನು. ಈಗ ಆ ಮೂರು ಸಂಖ್ಯೆ ಕೊಟ್ಟರೆ ಪೆಟ್ಟಿಗೆ ಎಷ್ಟು ಲೀಟರ್ ಇರಬೇಕೆಂದು ನಿನ್ನ ಫೋನೇ ಹೇಳುತ್ತದೆ. ಇಷ್ಟು ಸುಲಭವಾಗಿ ಸಿಗುವಾಗ ಚೀಟಿ ಓದದೆ ಹಲಗೆ ಕೊಯ್ಯುವುದು ತಪ್ಪು. ಇನ್ನು ಕೆಲವರು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಮೊದಲು ರೆಡಿಮೇಡ್ ಪೆಟ್ಟಿಗೆ ತಂದು, ಆಮೇಲೆ ಅದಕ್ಕೆ ಸ್ಪೀಕರ್ ಹುಡುಕುತ್ತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಅಂದರೆ ಇದೇ. ಸ್ಪೀಕರ್ ಮೊದಲು, ಚೀಟಿ ಆಮೇಲೆ, ಹಲಗೆ ಕೊನೆಗೆ.

ಇನ್ನು ಮುಚ್ಚಿದ ಪೆಟ್ಟಿಗೆಯೋ, ಕೊಳವೆ ಇಟ್ಟ ಪೆಟ್ಟಿಗೆಯೋ? ನಿನ್ನ ಗೆಳೆಯರೆಲ್ಲ ಕೊಳವೆಯದೇ ಅನ್ನುತ್ತಾರೆ, ಸದ್ದು ಜಾಸ್ತಿ ಅಂತ. ನಿಜ, ಜಾಸ್ತಿಯೇ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಬೂಂ ಅನ್ನುತ್ತದಲ್ಲ, ಅದೇ ಲೆಕ್ಕ. ಒಳಗಿನ ಗಾಳಿ ಸ್ಪ್ರಿಂಗು, ಕತ್ತಿನ ಗಾಳಿ ಭಾರ, ಎರಡೂ ಸೇರಿ ಒಂದು ಸ್ವರಕ್ಕೆ ತೂಗುತ್ತವೆ. ಜರ್ಮನಿಯ ಹೆಲ್ಮ್‌ಹೋಲ್ಟ್ಜ್ ಇದನ್ನು ಹತ್ತೊಂಬತ್ತನೇ ಶತಮಾನದಲ್ಲೇ ಲೆಕ್ಕಕ್ಕೆ ಇಳಿಸಿದ. ನಮ್ಮ ಘಟ ನುಡಿಸುವವರಿಗೆ ಅದು ಹೊಟ್ಟೆಯಲ್ಲೇ ಗೊತ್ತು. ಮಡಕೆಯ ಬಾಯನ್ನು ಹೊಟ್ಟೆಗೆ ಒತ್ತಿದರೆ ಒಂದು ನಾದ, ಸಡಿಲಿಸಿದರೆ ಇನ್ನೊಂದು. ಬೆಂಗಳೂರಿನ ಸುಕನ್ಯಾ ರಾಮಗೋಪಾಲ್ ಬೇರೆ ಬೇರೆ ಶ್ರುತಿಯ ಘಟಗಳನ್ನು ಸುತ್ತ ಇಟ್ಟುಕೊಂಡು ಘಟತರಂಗವನ್ನೇ ನುಡಿಸುತ್ತಾರೆ. ಒಂದು ಸಲ ಹೋಗಿ ಕೇಳು. ಒಳಗಿನ ಗಾಳಿಗೂ ಸ್ವರಕ್ಕೂ ಇರುವ ನಂಟು ನನ್ನ ಹತ್ತು ಮಾತಿಗಿಂತ ಬೇಗ ತಲೆಗೆ ಹೋಗುತ್ತದೆ.

ಆದರೆ ಕೊಳವೆಯ ಪೆಟ್ಟಿಗೆ ತಪ್ಪನ್ನು ಕ್ಷಮಿಸುವುದಿಲ್ಲ. ನಮ್ಮ ಬೀದಿಯ ಹುಡುಗನೊಬ್ಬ 50 ಲೀಟರಿನ ಪೆಟ್ಟಿಗೆ ಮಾಡಿದ. ಹತ್ತು ಸೆಂಟಿಮೀಟರ್ ಅಗಲದ ಪಿವಿಸಿ ಕೊಳವೆ, 35 ಹರ್ಟ್ಜ್‌ಗೆ ಕೂರಿಸಬೇಕೆಂದರೆ ಸುಮಾರು 31 ಸೆಂಟಿಮೀಟರ್ ಉದ್ದ ಬೇಕು. ಕೊಳವೆಯ ತುದಿ ಹಿಂದಿನ ಹಲಗೆಗೆ ತಾಕುತ್ತದೆ ಅಂತ ಅವನು ಗರಗಸ ತೆಗೆದು 20ಕ್ಕೆ ಕತ್ತರಿಸಿದ. ಅಷ್ಟೇ, 35 ಇದ್ದದ್ದು 41 ದಾಟಿತು. ಅದಕ್ಕಿಂತ ಕೆಳಗಿನ ಸ್ವರ ಬಂದಾಗ ಕೋನಿನ ಹಿಂದೆ ಹಿಡಿದು ನಿಲ್ಲಿಸುವ ಗಾಳಿ ಇರಲಿಲ್ಲ. ಬಾಗಿಲಿಗೆ ಚಿಲಕ ಹಾಕದೆ ಬಿರುಗಾಳಿಗೆ ಬಿಟ್ಟ ಹಾಗೆ ಕೋನ್ ಹೊಡೆದುಕೊಂಡಿತು. ವಾರದೊಳಗೆ ಕೋನಿನ ಬುಡದ ತಂತಿಸುರುಳಿ ಉಜ್ಜಿ ಕರಕರ ಅನ್ನತೊಡಗಿತು. ಕೊಳವೆ ಹಿಡಿಸದಿದ್ದರೆ ಮೊಣಕೈ ತಿರುವು ಹಾಕಬಹುದಿತ್ತು, ಪೆಟ್ಟಿಗೆಯ ಆಕಾರ ಬದಲಿಸಬಹುದಿತ್ತು. ಕತ್ತರಿಸುವುದು ಎಲ್ಲಕ್ಕಿಂತ ಸುಲಭವಾಗಿ ಕಂಡಿತು. ಸುಲಭವಾಗಿ ಕಂಡದ್ದರ ಮೇಲೆ ಯಾವಾಗಲೂ ಒಂದು ಕಣ್ಣಿಡು.

ಮೊದಲ ಪೆಟ್ಟಿಗೆಯಲ್ಲವೇ ನಿನ್ನದು? ಮುಚ್ಚಿದ್ದನ್ನೇ ಮಾಡು. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಮತ್ತು ಹೆನ್ರಿ ಕ್ಲಾಸ್ ಎಆರ್-1 ಎಂಬ ಸಣ್ಣ ಮುಚ್ಚಿದ ಪೆಟ್ಟಿಗೆ ತಂದರು. ಆಳೆತ್ತರದ ಪೆಟ್ಟಿಗೆಯಿಲ್ಲದೆ ಬೇಸ್ ಬರುವುದಿಲ್ಲ ಎಂಬ ನಂಬಿಕೆ ಅಲ್ಲಿಗೆ ಬಿತ್ತು. ಒಳಗೆ ಸಿಕ್ಕಿಕೊಂಡ ಗಾಳಿಯನ್ನೇ ಕೋನಿಗೆ ಸ್ಪ್ರಿಂಗ್ ಮಾಡಿದ್ದು ಅವರ ಜಾಣತನ. ಕಾರಿನಲ್ಲಂತೂ ಮುಚ್ಚಿದ ಪೆಟ್ಟಿಗೆಗೆ ಇನ್ನೊಂದು ಪುಣ್ಯ ಇದೆ. 40 ಹರ್ಟ್ಜ್ ಸ್ವರದ ಅಲೆ ಎಂಟೂವರೆ ಮೀಟರ್ ಉದ್ದ. ನಿನ್ನ ಗಾಡಿ ನಾಲ್ಕು ಮೀಟರೂ ಇಲ್ಲ. ಅಲೆ ಕಾಲು ಚಾಚಲು ಜಾಗವಿಲ್ಲದ ಕಡೆ ಇಡೀ ಕಾರಿನ ಒಳಗಾಳಿ ಒಟ್ಟಿಗೇ ಹಿಗ್ಗಿ ಕುಗ್ಗುತ್ತದೆ, ಕೆಳಸ್ವರಕ್ಕೆ ಕಾರೇ ಬಲ ಕೊಡುತ್ತದೆ. ಮುಚ್ಚಿದ ಪೆಟ್ಟಿಗೆ ಸ್ಥಾಯಿ ಸ್ಥಾಯಿಗೂ 12 ಡೆಸಿಬೆಲ್ ಕಳೆದುಕೊಂಡು ಇಳಿಯುತ್ತದಲ್ಲ, ಆ ನಷ್ಟದ ಬಹುಪಾಲನ್ನು ಕಾರು ತುಂಬಿಕೊಡುತ್ತದೆ. ಅಂಗಡಿಯಲ್ಲಿ ಬಡವಾಗಿ ಕೇಳಿಸಿದ ಪೆಟ್ಟಿಗೆ ಕಾರಿನೊಳಗೆ ಕೂತು ಬಾಗಿಲು ಹಾಕಿದ ತಕ್ಷಣ ಮೈತುಂಬಿಕೊಳ್ಳುವುದು ಇದಕ್ಕೇ. ಮೃದಂಗದ ಎಡಗೈ ಗುಮುಕು, ತಬಲಾದ ಡಗ್ಗಾ, ಡೊಳ್ಳಿನ ಪೆಟ್ಟು, ಇವನ್ನೆಲ್ಲ ಒಂದೊಂದಾಗಿ ಬಿಡಿಸಿ ಕೇಳಬೇಕಾದರೂ ಇದೇ ವಾಸಿ.

ಈಗ ಅಸಲು ಮಾತಿಗೆ ಬಾ. ನಿನ್ನ ಚೀಟಿಯ ಲೆಕ್ಕದಲ್ಲಿ ಒಂದು ಘನ ಅಡಿ, ಅಂದರೆ 28 ಲೀಟರ್ ಚಿಲ್ಲರೆ ಬಂತು ಅನ್ನೋಣ. ನೀನು ಕಾಗದದ ಮೇಲೆ 40, 35, 30 ಸೆಂಟಿಮೀಟರ್ ಅಂತ ಗೀಚಿ, ಗುಣಿಸಿ, 42 ಲೀಟರ್ ಬಂತು, ಬೇಕಾದ್ದಕ್ಕಿಂತ ಹೆಚ್ಚೇ ಇದೆ ಅಂತ ಬೀಗುತ್ತಿದ್ದೀಯ. ಹಲಗೆಗೆ ಮೈ ಇದೆಯಪ್ಪ. 18 ಮಿಲಿಮೀಟರ್ ದಪ್ಪ ಎರಡೂ ಕಡೆ ಕಳೆ. ಉಳಿದದ್ದು 36.4, 31.4, 26.4. ಗುಣಿಸು. 30 ಲೀಟರ್. ಹನ್ನೆರಡು ಲೀಟರನ್ನು ಮರವೇ ನುಂಗಿತು. ಮುಗಿಯಿತೇ? ಸ್ಪೀಕರಿನ ಆಯಸ್ಕಾಂತ ಮತ್ತು ಬುಟ್ಟಿ ಒಳಗೆ ಎರಡು ಲೀಟರ್ ಜಾಗ ಹಿಡಿಯುತ್ತವೆ. ಅಡ್ಡಪಟ್ಟಿಗೆ ಒಂದು ಲೀಟರ್ ಬಿಡು. ಕೊನೆಗೆ ಗಾಳಿಗೆ ಸಿಕ್ಕಿದ್ದು 27. 42 ಅಂದುಕೊಂಡಿದ್ದೆ, 27 ಇದೆ. ಈ ಸ್ಪೀಕರಿಗೆ ಅದು ಹೆಚ್ಚೂ ಕಡಿಮೆ ಸರಿಹೋಯಿತು. ಆದರೆ ನಿನಗೆ ಬೇಕಾದ್ದು ನಿಜವಾಗಿ 42 ಆಗಿದ್ದರೆ? ಗಾಳಿ ಬಿಗಿಯಾಗಿ ತೂಗಾಟ ಮೇಲೇರುತ್ತದೆ. ಯಾವ ಹಾಡು ಹಾಕಿದರೂ ಗುಂಯ್ ಅಂತ ಒಂದೇ ಸ್ವರ ಎದ್ದು ನಿಲ್ಲುತ್ತದೆ. ರಸ್ತೆಯಲ್ಲಿ ಹೋಗುವ ಎಷ್ಟೋ ಕಾರುಗಳಿಂದ ಕೇಳುವ ಆ ಒಂಟಿ ಗುಂಯ್ ಇದೆಯಲ್ಲ, ಅದು ಬೇಸ್ ಅಲ್ಲ. ಹೊರ ಅಳತೆ ಹಿಡಿದು ಕಟ್ಟಿದ ಪೆಟ್ಟಿಗೆಯ ನರಳಾಟ.

ಡಿಕ್ಕಿಯಲ್ಲಿ ಸೀಟಿನ ಬೆನ್ನು ವಾಲಿರುತ್ತದೆ, ಪೆಟ್ಟಿಗೆಯ ಒಂದು ಮುಖವನ್ನೂ ವಾಲಿಸಬೇಕು. ಹೆದರಬೇಡ. ಮೇಲಿನ ಆಳ, ಕೆಳಗಿನ ಆಳ ಕೂಡಿಸಿ ಅರ್ಧ ಮಾಡು, ಒಳ ಅಳತೆಯಲ್ಲೇ. ಚಕ್ರದ ಉಬ್ಬಿನ ಪಕ್ಕದ ಮೂಲೆಗೆ ಫೈಬರ್ ಗ್ಲಾಸಿನಲ್ಲಿ ಅಂಕುಡೊಂಕು ಪೆಟ್ಟಿಗೆ ಎರಕ ಹಾಕಿದರೆ ಯಾವ ಲೆಕ್ಕವೂ ಕೈಗೆ ಹತ್ತುವುದಿಲ್ಲ. ಆಗ ನಾನು ಮಾಡುವುದು ಒಂದೇ. ಲೀಟರ್ ಜಗ್ಗಿನಲ್ಲಿ ರಾಗಿ ಅಳೆದು ಅಳೆದು ಒಳಗೆ ಸುರಿಯುತ್ತೇನೆ. ತುಂಬಿದಾಗ ಎಷ್ಟು ಜಗ್ಗಾಯಿತೋ ಅಷ್ಟು ಲೀಟರ್. ರಾಗಿಯನ್ನು ತಿರುಗಿ ಚೀಲಕ್ಕೆ ಹಾಕಿಡು, ಮುಂದಿನ ಪೆಟ್ಟಿಗೆಗೆ ಬೇಕು. ನಿಮ್ಮಜ್ಜಿಯ ಡಬ್ಬಕ್ಕೆ ಮಾತ್ರ ಕೈ ಹಾಕಬೇಡ.

ಮರಕ್ಕೆ ಜಿಪುಣತನ ಬೇಡ. 18 ಮಿಲಿಮೀಟರಿನ ಎಂಡಿಎಫ್ ಅಥವಾ ಒಳಗೆ ಪೊಳ್ಳಿಲ್ಲದ ಒಳ್ಳೆ ಪ್ಲೈವುಡ್. ಎಂಡಿಎಫ್ ಒಂದೇ ಹದ, ಅದುರುವುದು ಕಡಿಮೆ, ಆದರೆ ನೀರು ಕುಡಿದರೆ ರೊಟ್ಟಿಯಂತೆ ಉಬ್ಬುತ್ತದೆ. ಮಳೆಗಾಲದಲ್ಲಿ ಡಿಕ್ಕಿ ಸೋರುವ ಗಾಡಿಯಾದರೆ ಪ್ಲೈವುಡ್ಡೇ ಸರಿ. ಎಂಡಿಎಫ್ ಕೊಯ್ಯುವಾಗ ಮೂಗಿಗೆ ಬಟ್ಟೆ ಸಾಲದು, ಸರಿಯಾದ ಮಾಸ್ಕ್ ಹಾಕು. ಅದರ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ, ಆ ನುಣುಪು ಧೂಳು ಎದೆಗೆ ಒಳ್ಳೆಯದಲ್ಲ. ಅಂಚಿಗೆ ಸ್ಕ್ರೂ ಹಾಕುವ ಮುನ್ನ ಸಣ್ಣ ಬಿಟ್ಟಿನಲ್ಲಿ ತೂತು ಕೊರೆ, ಇಲ್ಲದಿದ್ದರೆ ಪದರ ಸೀಳುತ್ತದೆ. ಕೂಡಿಸುವ ಮುಂಚೆ ಮೂಲೆಮಟ್ಟ ಹಿಡಿದು ನೋಡು. ಒಂದು ನೂಲು ಆಚೀಚೆಯಾದರೂ ಕೊನೆಯ ಹಲಗೆ ಕೂರುವುದಿಲ್ಲ. ಬಿಗಿಯನ್ನು ಸ್ಕ್ರೂ ಹಿಡಿಯುತ್ತದೆ, ಆದರೆ ಗಾಳಿಯನ್ನು ಹಿಡಿಯುವುದು ಅಂಟು. ಫೆವಿಕಾಲ್ ಹಚ್ಚಿ ಬಿಗಿದ ಮೇಲೆ ಒಂದು ಹಗಲು ಒಂದು ರಾತ್ರಿ ಮುಟ್ಟಬೇಡ.

ಸ್ಪೀಕರಿನ ತೂತಿನ ವಿಷಯದಲ್ಲಿ ನಾನೇ ಒಮ್ಮೆ ಕೆಟ್ಟೆ. ಕಲಿಯುತ್ತಿದ್ದ ಕಾಲ. ಹನ್ನೆರಡು ಇಂಚಿನ ಸ್ಪೀಕರ್ ಅಂದರೆ ಹನ್ನೆರಡು ಇಂಚಿನ ತೂತು ಅಂತ ದಾರ ಕಟ್ಟಿ ವೃತ್ತ ಎಳೆದು ಕೊಯ್ದುಬಿಟ್ಟೆ. ಸ್ಪೀಕರ್ ಇಟ್ಟೆ, ಸೀದಾ ಒಳಗೆ ಇಳಿಯಿತು. ಹನ್ನೆರಡು ಅನ್ನುವುದು ಹೊರಚೌಕಟ್ಟಿನ ಹೆಸರು, ತೂತು ಹನ್ನೊಂದರ ಆಸುಪಾಸು ಇರಬೇಕು. ನನಗೆ ಕೆಲಸ ಕಲಿಸಿದ ಆಚಾರ್ರು ಬೈಯಲಿಲ್ಲ. ಹಾಳಾದ ಹಲಗೆಯನ್ನು ಗೋಡೆಗೆ ಮೊಳೆ ಹೊಡೆದು ನೇತುಹಾಕಿದರು. ಎರಡು ವರ್ಷ ಅದು ಅಲ್ಲೇ ಇತ್ತು. ಅಂದಿನಿಂದ ಇಂದಿನವರೆಗೆ ಚೀಟಿಯಲ್ಲಿರುವ ಕಟ್‌ಔಟ್ ಸಂಖ್ಯೆಯನ್ನು ಹಲಗೆಯ ಮೇಲೆ ಬರೆಯದೆ ನಾನು ಗರಗಸ ಮುಟ್ಟಿಲ್ಲ. ನೀನೂ ಮುಟ್ಟಬೇಡ.

ಪೆಟ್ಟಿಗೆ ಕೂಡಿತು ಅಂದುಕೋ. ಒಳಮೂಲೆಗಳಿಗೆಲ್ಲ ಸಿಲಿಕಾನ್ ಎಳೆ. ಹುಳಿ ವಾಸನೆ ಪೂರ್ತಿ ಹೋಗುವ ತನಕ ಸ್ಪೀಕರ್ ಕೂರಿಸಬೇಡ, ಆ ಆವಿ ಕೋನಿನ ಅಂಟಿಗೆ ಆಗದು. ಆಮೇಲೆ ನನ್ನ ಹಳೆಯ ಪರೀಕ್ಷೆ. ಸ್ಪೀಕರ್ ಬಿಗಿದು, ಒಂದು ಕೆಳಸ್ವರವನ್ನು ಸಣ್ಣಗೆ ಹಾಕಿ, ಊದುಬತ್ತಿ ಹಚ್ಚಿ ಸಂದು ಸಂದಿನ ಗುಂಟ ನಿಧಾನವಾಗಿ ಹಿಡಿದುಕೊಂಡು ಹೋಗು. ಫ್ಯಾನ್ ಆರಿಸಿರು. ಹೊಗೆ ನೂಲಿನ ಹಾಗೆ ನೆಟ್ಟಗೆ ಏರಿದರೆ ಸಂದು ಭದ್ರ. ಎಲ್ಲಿ ಅದು ನಡುಗಿ ಚದುರುತ್ತದೋ ಅಲ್ಲಿ ಸೋರುತ್ತಿದೆ. ಹೆಚ್ಚಾಗಿ ಅದು ಹಲಗೆಯ ಸಂದಲ್ಲ, ತಂತಿ ಹೊರಬರುವ ಟರ್ಮಿನಲ್ಲಿನ ಅಂಚು. ಸೋರುವ ಮುಚ್ಚಿದ ಪೆಟ್ಟಿಗೆ ಉಸ್ಸಂತ ಶಿಳ್ಳೆ ಹಾಕುತ್ತದೆ, ಬೇಸ್ ಬಡವಾಗುತ್ತದೆ. ಸ್ಪೀಕರನ್ನು ಬೈಯುತ್ತಾ ಬೇರೆ ಕೊಳ್ಳಲು ಓಡಿದವರಿದ್ದಾರೆ. ಹತ್ತು ರೂಪಾಯಿಯ ಊದುಬತ್ತಿ ಅವರ ದುಡ್ಡು ಉಳಿಸುತ್ತಿತ್ತು.

ಗಾಡಿಯಲ್ಲಿ ಕೂರಿಸುವಾಗ ಸ್ಟೆಪ್ನಿಗೆ ದಾರಿ ಬಿಡು. ನಡುರಾತ್ರಿ ಶಿರಾಡಿ ಘಾಟಿಯಲ್ಲಿ ಪಂಕ್ಚರ್ ಆದಾಗ ಹತ್ತು ಸ್ಕ್ರೂ ಬಿಚ್ಚುತ್ತಾ ಕೂರುವ ಪಾಡು ಬೇಡ. ಪೆಟ್ಟಿಗೆಯನ್ನು ಪಟ್ಟಿ ಹಾಕಿ ಗಾಡಿಯ ಬಾಡಿಗೆ ಬಿಗಿ. ಹಲಗೆ, ಸ್ಪೀಕರ್ ಸೇರಿ ಅದು ಖಾಲಿ ಗ್ಯಾಸ್ ಸಿಲಿಂಡರಿನಷ್ಟು ತೂಗುತ್ತದೆ. ಬ್ರೇಕ್ ಹೊಡೆದಾಗ ಅದು ಮುಂದಕ್ಕೆ ಬಂದರೆ ಹಿಂದಿನ ಸೀಟಿನಲ್ಲಿ ಕೂತವರು ನಿನ್ನವರೇ.

ತಂತಿಯ ಮಾತನ್ನು ಕಿವಿಗೊಟ್ಟು ಕೇಳು, ಇದರಲ್ಲಿ ತಮಾಷೆಯಿಲ್ಲ. 500 ವಾಟ್ ಕೊಡುವ ಆಂಪ್ಲಿಫೈಯರ್ ಪೂರ್ತಿ ದುಡಿದಾಗ ಬ್ಯಾಟರಿಯಿಂದ 45 ಆಂಪಿಯರ್‌ಗೂ ಹೆಚ್ಚು ಎಳೆಯುತ್ತದೆ. ಅದಕ್ಕೆ ತಕ್ಕ ದಪ್ಪದ ಅಪ್ಪಟ ತಾಮ್ರದ ತಂತಿ ಬೇಕು. ತಾಮ್ರ ಬಳಿದ ಅಲ್ಯೂಮಿನಿಯಂ ತಂತಿ ನೋಡಲು ಒಂದೇ ಥರ, ಬೆಲೆಯೂ ಕಡಿಮೆ. ತುದಿ ಕೆರೆದರೆ ಬೆಳ್ಳಗೆ ಹಲ್ಲು ಕಿರಿಯುತ್ತದೆ, ಅಂಗಡಿಯಲ್ಲೇ ಕೆರೆದು ನೋಡು. ಬ್ಯಾಟರಿಯಿಂದ 45 ಸೆಂಟಿಮೀಟರಿನೊಳಗೆ ಫ್ಯೂಸ್ ಹಾಕು. ಆ ಫ್ಯೂಸ್ ಇರುವುದು ಆಂಪ್ಲಿಫೈಯರನ್ನು ಕಾಯಲು ಅಲ್ಲ, ತಂತಿಯನ್ನೂ ನಿನ್ನನ್ನೂ ಕಾಯಲು. ನನ್ನ ನೆಂಟರ ಹುಡುಗನ ಗಾಡಿಯಲ್ಲಿ ಆಂಪ್ಲಿಫೈಯರ್ ಕೂರಿಸಿದವರು ಫ್ಯೂಸನ್ನು ಡಿಕ್ಕಿಯಲ್ಲಿ ಹಾಕಿದ್ದರು. ಎಂಜಿನ್ ಕಡೆಯಿಂದ ಒಳಗೆ ಬರುವ ತಗಡಿನ ತೂತಿಗೆ ರಬ್ಬರ್ ಗ್ರೊಮೆಟ್ಟೂ ಇರಲಿಲ್ಲ. ಮೂರು ತಿಂಗಳು ತಗಡಿನ ಅಂಚು ತಂತಿಯ ಮೈಯನ್ನು ಸವೆಸಿತು. ಒಂದು ಸಂಜೆ ಸಿಗ್ನಲ್ಲಿನಲ್ಲಿ ಸುಟ್ಟ ರಬ್ಬರಿನ ವಾಸನೆ, ಡ್ಯಾಶ್‌ಬೋರ್ಡಿನ ಕೆಳಗಿಂದ ಹೊಗೆ. ಪಕ್ಕದ ಆಟೋದವನು ಓಡಿಬಂದು ಬ್ಯಾಟರಿಯ ತಂತಿ ಕಿತ್ತದ್ದಕ್ಕೆ ಗಾಡಿ ಉಳಿಯಿತು. ಹಿಂದಿನ ಸೀಟಿನಲ್ಲಿ ಅವನ ನಾಲ್ಕು ವರ್ಷದ ತಂಗಿಯಿದ್ದಳು. ಅದನ್ನು ನೆನೆದರೆ ನನಗೆ ಈಗಲೂ ಕೈ ತಣ್ಣಗಾಗುತ್ತದೆ.

ವಾಟಿನ ಬಡಾಯಿಗೆ ಮರುಳಾಗಬೇಡ. ಆಂಪ್ಲಿಫೈಯರಿನ ಡಬ್ಬದ ಮೇಲೆ 1200 ಅಂತ ದಪ್ಪಕ್ಷರ ಇರುತ್ತದೆ. ಕೆಳಗೆ ಸಣ್ಣಗೆ ಆರ್‌ಎಂಎಸ್ 300 ಅಂತ ಇದ್ದರೆ ನಿನ್ನದು 300, ಅಷ್ಟೇ. 300ನ್ನು 600 ಮಾಡಿದರೂ ಏರುವುದು 3 ಡೆಸಿಬೆಲ್. ಅದೇ ದುಡ್ಡನ್ನು ಪೆಟ್ಟಿಗೆಗೆ ಹಾಕು. ಗೇನ್ ತಿರುಪನ್ನು ವಾಲ್ಯೂಮ್ ಅಂದುಕೊಂಡು ಕೊನೆಯವರೆಗೆ ತಿರುಗಿಸಬೇಡ. ಆಂಪ್ಲಿಫೈಯರ್ ತನ್ನ ಶಕ್ತಿ ಮೀರಿದಾಗ ಅಲೆಯ ತಲೆ ಕತ್ತರಿಸಿ ಕಳಿಸುತ್ತದೆ, ಸುರುಳಿ ಕಾದು ಸುಡುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು.

ಕಿವಿ ಒಂದೇ ಜೊತೆ, ಬಿಡಿಭಾಗ ಸಿಗುವುದಿಲ್ಲ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಡೆಯಬಹುದು ಅನ್ನುತ್ತಾರೆ ಬಲ್ಲವರು. ಪ್ರತಿ 3 ಡೆಸಿಬೆಲ್ ಏರಿದಾಗಲೂ ಹೊತ್ತು ಅರ್ಧವಾಗುತ್ತದೆ. 100ಕ್ಕೆ ಬಂದರೆ ಹದಿನೈದೇ ನಿಮಿಷ. ಮೈಕ್‌ಸೆಟ್ಟಿನ ಪಕ್ಕ ಆಯುಷ್ಯ ಕಳೆದ ನನ್ನ ಎಡಗಿವಿಗೆ ಈಗ ಮೊಮ್ಮಗಳ ಪಿಸುಮಾತು ಕೇಳಿಸುವುದಿಲ್ಲ. ನಿನಗೆ ಹಾಗಾಗಬಾರದು. ಊರಿನವರ ನಿದ್ದೆಯೂ ನಿನ್ನ ಸ್ವತ್ತಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಬಡಾವಣೆಯಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ, ರಾತ್ರಿ ಅಂದರೆ 10ರಿಂದ ಬೆಳಗಿನ 6. ಆಸ್ಪತ್ರೆಯ ಸುತ್ತ ನೂರು ಮೀಟರಿನಲ್ಲಿ ಇನ್ನೂ ಕಡಿಮೆ. ಒಳ್ಳೆಯ ಪೆಟ್ಟಿಗೆಯ ಗುರುತು ಇದೇ ನೋಡು: ಗಾಜು ಏರಿಸಿ ಮೆಲ್ಲಗೆ ಹಾಕಿದರೂ ಹಾಡಿಗೆ ಬುಡ ಇರುತ್ತದೆ. ಊರಿಗೆಲ್ಲ ಕೇಳಿಸಿದರೆ ಮಾತ್ರ ಚೆನ್ನಾಗಿದೆ ಅನ್ನಿಸುವ ಪೆಟ್ಟಿಗೆಯನ್ನು ಒಡೆದು ಮತ್ತೆ ಕಟ್ಟು.

ಕಾಫಿ ಆರಿತು, ನನ್ನ ಮಾತೂ ಮುಗಿಯುತ್ತಾ ಬಂತು. ಕೊನೆಯದೊಂದು ಇದೆ. ಹೋದ ವರ್ಷ ಒಬ್ಬರು ಹಳೆಯ ಪೆಟ್ಟಿಗೆಯೊಂದನ್ನು ರಿಪೇರಿಗೆ ತಂದರು, ಕೋನನ್ನು ಇಲಿ ತಿಂದಿತ್ತು. ಸ್ಪೀಕರ್ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದೆ. ಒಳಗಿನ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಆಚಾರ್ರ ಕೈಬರಹ. ಉದ್ದ, ಅಗಲ, ಆಳ, ಒಳ ಅಳತೆ ಇಷ್ಟು, ಗಾಳಿಗೆ ಉಳಿದದ್ದು ಇಷ್ಟು. ಆಚಾರ್ರು ತೀರಿಕೊಂಡು ಇಪ್ಪತ್ತು ವರ್ಷವಾಗಿದೆ. ನಾನು ಟೇಪು ಹಿಡಿಯಬೇಕಾಗಲಿಲ್ಲ. ಆ ಸಂಖ್ಯೆ ನೋಡಿ ಸ್ಪೀಕರ್ ತರಿಸಿದೆ, ಕೂರಿಸಿದೆ, ಹಾಡಿತು.

ಹೋಗು, ಚೀಟಿ ಹುಡುಕು. ಹಲಗೆ ಕೊಯ್ಯುವುದನ್ನು ನಾಳೆಗಿಡು. ಪೆಟ್ಟಿಗೆ ಮುಚ್ಚುವ ಮುಂಚೆ ನನ್ನ ಕಿವಿಯ ಮೇಲಿರುವ ಈ ಪೆನ್ಸಿಲ್ ತೆಗೆದುಕೊಂಡು ಹೋಗಿ ಒಳಗೆ ಬರೆ, ಎಷ್ಟು ಲೀಟರ್ ಅಂತ. ಸರಿಯಾಗಿ ಅಳೆದವನಿಗೆ ಮಾತ್ರ ಅದನ್ನು ಬರೆಯಲು ಆಗುತ್ತದೆ.